ತವರಿನ ಬಾಳೆಹಣ್ಣು

ರವಿವಾರ ಬಂತೆಂದರೆ ಲಲಿತಾಬಾಯಿಯ ಕಿವಿ ಗೇಟಿನ ಚಿಲಕದ ಮೇಲೆಯೇ ಇರುತ್ತಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಸಾಲಿಯ ಟೀಚರ್ ಕೆಲಸದಿಂದ ರಿಟೈರಾಗಿಯೂ ಬಹಳ ದಿನವಾಗಿತ್ತು. ಕಲಬುರಗಿಯ ಆ ಎರಡು ಕೋಣೆಯ ಮನೆಗೆ ವಾರವಿಡೀ ಬರುವವರೆಂದರೆ ಹಾಲಿನವ, ಪೇಪರಿನವ. ರವಿವಾರ ಮಾತ್ರ ಕಮಲಾಪುರದಿಂದ ತಮ್ಮ ಅಮೋಘಪ್ಪ ಬರುತ್ತಿದ್ದ. ಹೆಗಲಿಗೆ ಚೀಲ; ಚೀಲದಲ್ಲಿ ತನ್ನ ತೋಟದ ಕೆಂಪು ಬಾಳೆಹಣ್ಣು.

"ನನ್ನ ಮುಂದ ಒಂದು ತಿನ್ನು ಅಕ್ಕ, ಆಮ್ಯಾಲ ನಾ ಚಾ ಕುಡೀತೀನಿ," ಎನ್ನುವುದು ಅವನ ರೂಢಿ.

ಮೊದಲು ಅವ್ವ ಕಳಿಸುತ್ತಿದ್ದಳು, ಅವ್ವ ಹೋದ ಮೇಲೆ ಇವನೇ ತರುತ್ತಿದ್ದ. ತವರಿನಿಂದ ಬಂದದ್ದನ್ನು ಬೇಡ ಅನ್ನಬಾರದು. ಅಂದರೆ ತವರೇ ಬೇಡವಾಯಿತು ಅಂತ ಅರ್ಥ.

ಆ ವರ್ಷ ಮಳೆಗಾಲದಲ್ಲಿ ಆಕೆಯ ಕಾಲು ಬಾತವು. ರಕ್ತದ ರಿಪೋರ್ಟ್ ನೋಡಿದ ಡಾಕ್ಟರು, "ಕಿಡ್ನಿ ಸೋತಾವ, ಪಥ್ಯ ಮಾಡ್ರಿ," ಎಂದು ಗುಳಿಗೆ ಬರೆದರು. ಯಾವ ಪಥ್ಯ ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. "ತಿಳೀಲಿಲ್ಲಂದ್ರ ಕೈ ಎತ್ರಿ" ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದ ಬಾಯಿ, ತನ್ನ ಪಾಳಿ ಬಂದಾಗ ಮುಚ್ಚಿಕೊಂಡಿತು.

ಬಸ್‌ಸ್ಟ್ಯಾಂಡಿನ ಹತ್ತಿರ ವಹಾಬ್‌ನ ಇಂಟರ್‌ನೆಟ್ ಅಂಗಡಿ. ಪರೀಕ್ಷೆಯ ರಿಸಲ್ಟ್ ನೋಡುವ ಹುಡುಗರ ನಡುವೆ ಆಕೆ ಸೆರಗು ಹೊದ್ದು ಕೂತಳು. ವಹಾಬ್ ಟೈಪ್ ಮಾಡಿಕೊಟ್ಟ, ಆಕೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಇಂಗ್ಲಿಷ್ ಓದಿದಳು. ಕಿಡ್ನಿ ಬೇನೆಗೆ ಬಾಳೆಹಣ್ಣು ಕೆಟ್ಟದ್ದು ಎಂದಿತು ಒಂದು ಪುಟ. ವಯಸ್ಸಾದವರು ದಿನಕ್ಕೊಂದು ಬಾಳೆಹಣ್ಣು ತಿನ್ನಬೇಕು ಎಂದಿತು ಇನ್ನೊಂದು.

"ಇದರಾಗ ಯಾವುದು ಖರೇ, ವಹಾಬಣ್ಣ?"

"ಏ, ಏನ್ ಕೇಳ್ತೀರಿ ಟೀಚರ್! ನಮ್ಮ ಅಮ್ಮಿ ಮೊಣಕಾಲು ನೋವಿಗೆ ಅಂತ ಇದರಾಗ ಹುಡುಕಾಕ ಕುಂತೆ. ಓದಿ ಓದಿ ನನಗೇ ಎದಿನೋವು ಬಂತು!"

ಆಕೆಗೂ ನಗು ಬಂತು. ಆದರೆ ಮನೆಗೆ ಬಂದು, ಪ್ರಿಂಟ್ ಹಾಕಿಸಿ ತಂದ ಆ ಪುಟಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡರೆ, ಅವು ಲೋಕಕ್ಕೆಲ್ಲ ಮಾತಾಡುತ್ತಿದ್ದವು, ಆಕೆಗೆಂದು ಏನೂ ಹೇಳುತ್ತಿರಲಿಲ್ಲ. ಮತ್ತೆ ದವಾಖಾನೆಗೆ ಹೋದಾಗ ಕಾಗದವನ್ನು ಮುಂದೆ ಹಿಡಿದು, ಅಂತೂ ಕೇಳಿದಳು. "ಬಾಳಿಹಣ್ಣು ನಿಮಗ ಬ್ಯಾಡ್ರಿ," ಎಂದರು ಡಾಕ್ಟರು.

ಅನುಮಾನ ಹೋಯಿತು, ಸಂಕಟ ಉಳಿಯಿತು. ತಮ್ಮನಿಗೆ ಹೇಗೆ ಹೇಳುವುದು? "ಆಮ್ಯಾಲ ತಿಂತೀನಿ ತಮ್ಮಾ," ಎಂದು ಜಾರಿಕೊಂಡು, ಹಣ್ಣನ್ನೆಲ್ಲ ಪಕ್ಕದ ಮನೆಯ ರೋಷನಬಿಗೆ ಕೊಡತೊಡಗಿದಳು.

ಒಂದು ರವಿವಾರ ರೋಷನಬಿ ಗೇಟಿನಲ್ಲೇ ಅಮೋಘಪ್ಪನನ್ನು ಕಂಡಳು. "ನಿಮ್ಮ ಬಾಳಿಹಣ್ಣು ಭಾಳ ಮೀಠಾ ಅದ ಭಾಯಿ! ವಾರಾ ವಾರಾ ನಾವೇ ತಿಂತೀವಿ."

ಅಮೋಘಪ್ಪ ಚೀಲವನ್ನು ಕಟ್ಟೆಯ ಮೇಲಿಟ್ಟ. "ಬ್ಯಾಡಾಗಿದ್ರ ಹೇಳಬೇಕಿತ್ತಕ್ಕ," ಎಂದವನೇ ಚಾ ಕುಡಿಯದೆ ಹೋದ.

ಮುಂದಿನ ರವಿವಾರ ಚಿಲಕ ಸಪ್ಪಳ ಮಾಡಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಫೋನ್ ಮಾಡಿದರೆ ತಮ್ಮನ ಹೆಂಡತಿ, "ತೋಟಕ್ಕ ಹೋಗ್ಯಾರ," ಎನ್ನುತ್ತಿದ್ದಳು.

ಆಕೆಯೇ ಕಮಲಾಪುರದ ಬಸ್ಸು ಹತ್ತಿದಳು. ಬಾತ ಕಾಲನ್ನು ಎಳೆದುಕೊಂಡು ಬಾಳೆಗಿಡಗಳ ನಡುವೆ ನಿಂತು, ಬಾಳೆಹಣ್ಣು ಕೆಟ್ಟದ್ದು ಎಂದಿದ್ದ ಆ ಕಾಗದ ಚಾಚಿ ತೋರಿಸಿದಳು.

"ಇದು ಬರದಾಂವ ನಮ್ಮ ತೋಟ ನೋಡ್ಯಾನೇನು?" ಎಂದ ಅವನು, ಮುಖ ತಿರುವಿ.

"ಅಂವ ನೋಡಿಲ್ಲ. ಡಾಕ್ಟರು ನನ್ನ ರಕ್ತ ನೋಡ್ಯಾರ. ಕಿಡ್ನಿ ಸೋತಾವಂತ, ತಮ್ಮಾ."

ಅವನ ಕೈಯೊಳಗಿನ ಕುಡುಗೋಲು ಕೆಳಗಿಳಿಯಿತು. "ನನಗ್ಯಾಕ ಹೇಳಲಿಲ್ಲ?"

"ಬ್ಯಾಡ ಅಂದ್ರ ನೀ ಬರೋದೇ ಬಿಟ್ರ?"

ಅವನು ಕುಡುಗೋಲನ್ನು ಗಿಡದ ಬುಡಕ್ಕೆ ಒರಗಿಸಿದ. "ಖಾಲಿ ಕೈಲೆ ಹೆಂಗ ಬರಲಿ ಅಕ್ಕ? ಮಂದಿ ಏನಂದಾರು?"

ಲಲಿತಾಬಾಯಿ ಸುತ್ತ ನೋಡಿದಳು. "ಎಲಿ ತಗೊಂಡು ಬಾ."

"ಎಲಿ ಮೇಯಾಕ ನೀ ಆಡು-ಕುರಿ ಏನು?"

"ಎರಡು ತಾ, ಮೂಳಾ. ಒಂದು ನಿನಗ, ಒಂದು ನನಗ. ಉಂಡು ಹೋಗು."

ರವಿವಾರ ಅವನು ಬಂದ. ಎರಡಲ್ಲ, ಹೆಗಲ ತುಂಬ ಎಲೆ ಹೊತ್ತು ಬಂದ. ಇಬ್ಬರೂ ನೆಲಕ್ಕೆ ಕೂತು ಉಂಡರು. ಪಥ್ಯದ ಸಪ್ಪನ ಪಲ್ಯಕ್ಕೆ ಅವನು ಮುಖ ಕಿವುಚಿದ, ಆದರೂ ಎರಡು ಸಲ ನೀಡಿಸಿಕೊಂಡ. ಕಡೇ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ.

ಉಳಿದ ಎಲೆಗಳಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿಟ್ಟಳು. ದಿನಾ ಒಂದು ಹಾಸಿಕೊಂಡು ಒಬ್ಬಳೇ ಉಂಡಳು. ಗುರುವಾರ ಬಟ್ಟೆ ಬಿಚ್ಚಿದರೆ ಅಂಚು ಹಳದಿಯಾಗಿತ್ತು. ಹಳದಿಯಾದದ್ದನ್ನು ಕತ್ತರಿಸಿ ತೆಗೆದು, ಹಸಿರಿದ್ದಷ್ಟನ್ನು ಮತ್ತೆ ಸುತ್ತಿಟ್ಟಳು. ರವಿವಾರ ಇನ್ನೂ ದೂರವಿತ್ತು.