ಮಗ್ಗದ ಮನೆಯ ಮಾತು

ಬನಹಟ್ಟಿಯಲ್ಲಿ ಪವರ್‌ಲೂಮ್ ಇರುವ ಮನೆಯ ಮಕ್ಕಳು ಎರಡು ಬಗೆಯಲ್ಲಿ ಮಾತಾಡುತ್ತಾರೆ. ಮಗ್ಗ ನಿಂತಾಗ ದನಿಯಿಂದ, ಓಡುವಾಗ ಬರೀ ತುಟಿಯಿಂದ. ಆ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬಾರದು, ಕಣ್ಣಿನಿಂದಲೇ ಕೇಳಿಸಿಕೊಳ್ಳಬೇಕು. ನನ್ನ ತಮ್ಮ ಗೌರೀಶ ತರಗತಿಯಲ್ಲಿ ಹಾಗೆ ತುಟಿಯಾಡಿಸಿದ್ದಕ್ಕೆ ಅಂದಾನೆಪ್ಪ ಸರ್ ಅವನ ಬಾಯಿಗೆ ಚಾಕ್‌ಪೀಸ್ ತುರುಕಿ, ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯೆದುರು ನಿಲ್ಲಿಸಿದ್ದರು. ಅವನು ಮತ್ತೆ ಶಾಲೆಗೆ ಹೋಗಲಿಲ್ಲ.

ವರ್ಷಗಳ ಮೇಲೆ, ನಾನು ನಡೆಸುತ್ತಿದ್ದ ಹದಿಹರೆಯದವರ ಮನಸ್ಥಿತಿಯ ಸಮೀಕ್ಷೆಗೆ ಶಾಲೆಗಳನ್ನು ಆರಿಸಲು ಚೀಟಿ ಎತ್ತಿದಾಗ ಅದೇ ಶಾಲೆ ಬಂತು. ನಾನು ಬೇರೆಯವರನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ಅಂದಾನೆಪ್ಪ ಈಗ ಅಲ್ಲಿಯ ಮುಖ್ಯೋಪಾಧ್ಯಾಯರು. ಆ ಶಾಲೆ ನಡೆಸುವ ಸಂಸ್ಥೆ ಜಮಖಂಡಿಯಲ್ಲಿ ತೆರೆಯಲಿದ್ದ ದೊಡ್ಡ ಶಾಲೆಗೂ ಅವರೇ ಮುಖ್ಯಸ್ಥರೆಂದು ಮಾತಾಗಿತ್ತು. ಸಮೀಕ್ಷೆಯ ಫಲಿತಾಂಶ ನೋಡಿ ಆದೇಶ ಕೊಡುವುದಷ್ಟೇ ಬಾಕಿ. ಆ ಹುದ್ದೆಯನ್ನು ಅವರಿಂದ ಕಸಿಯಲೆಂದೇ ಹೋದೆ. ಆದರೆ ಒಂದು ಅಂಕಿಯನ್ನೂ ತಿದ್ದದೆ. ತಿದ್ದಿದರೆ ಸೇಡೂ ಸುಳ್ಳಾಗುತ್ತದೆ.

ಅವರಿಗೆ ನನ್ನ ಗುರುತು ಹತ್ತಲಿಲ್ಲ.

"ಶಿಕ್ಷಕರು ಹೊರಗಿರಬೇಕ್ರಿ ಸರ್," ಎಂದೆ, ತರಗತಿಯಲ್ಲಿ ಸಮೀಕ್ಷೆಯ ಹಾಳೆ ಹಂಚುತ್ತ.

"ನಾ ಇಲ್ಲದ್ರ ಈ ಮಂಗ್ಯಾಗೋಳು ಕುಣಿತಾವರಿ ಮೇಡಂ." ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತರು. "ಲೇ, ಎಲ್ಲಾರೂ ಮ್ಯಾಲ ರೋಲ್ ನಂಬರ್ ಬರೀರಿ. ಸಾಲಿ ಹೆಸರು ಕೆಡಸಬ್ಯಾಡ್ರಿ."

ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಮಕ್ಕಳ ಹಿಂದಲೆಗಳು ಮಾತ್ರ. ನಾನು ಸೂಚನೆಯ ಹಾಳೆಯನ್ನು ಎದೆಯೆತ್ತರಕ್ಕೆ ಹಿಡಿದು, ನನ್ನಷ್ಟಕ್ಕೆ ಓದಿಕೊಳ್ಳುವಂತೆ ತುಟಿಯಾಡಿಸಿದೆ: "ನಂಬರ್ ಬರೀಬ್ಯಾಡ್ರಿ. ಹಾಳಿ ನನ್ನ ಕೈಯಾಗ ಕೊಡ್ರಿ. ಸರ್ ನೋಡೂದಿಲ್ಲ. ಖರೆ ಬರೀರಿ." ಸೂಚನೆಯಲ್ಲಿ ಇದ್ದುದೂ ಅಷ್ಟೇ.

ಹೆಚ್ಚಿನವರು ಮಗ್ಗದ ಮನೆಯ ಮಕ್ಕಳೇ. ಮೊದಲ ಪದಕ್ಕೇ ಕಣ್ಣುಗಳೆಲ್ಲ ನನ್ನ ತುಟಿಯ ಮೇಲೆ ನೆಟ್ಟಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತುಟಿಯಲ್ಲೇ ಕೇಳಿದಳು: "ಚಾಕ್‌ಪೀಸಿಂದೂ ಬರೀಬೇಕೇನ್ರಿ ಅಕ್ಕೋರ?"

ಅದು ಇನ್ನೂ ನಡೆದಿದೆ ಎಂದು ನನಗೆ ತಿಳಿದದ್ದು ಆಗಲೇ.

"ನಿನ್ನ ಮನಸಿಗೆ ಬಿಟ್ಟದ್ದವಾ," ಎಂದೆ, ದನಿಯಿಲ್ಲದೆ.

"ನೋಡ್ರಿ, ಏನ್ ಶಿಸ್ತ ಐತಿ," ಎಂದರು ಅಂದಾನೆಪ್ಪ ಹಿಂದಿನಿಂದ. "ಒಂದರ ಬಾಯಿ ಬಿಡತೈತೇನ?"

"ಭಾಳ ಛಲೋ ಐತ್ರಿ."

ಮುಂದಿನ ತಿಂಗಳು ಸಂಸ್ಥೆಯ ಸಭೆ. ಅಧ್ಯಕ್ಷ ರಾಮಲಿಂಗಪ್ಪ ಸೀರೆ ವ್ಯಾಪಾರಿ. ಮಗ್ಗದ ಮನೆಯಲ್ಲೇ ಬೆಳೆದವರು. ಫಲಿತಾಂಶವನ್ನು ಅಂದಾನೆಪ್ಪನವರೇ ಓದಲಿ ಎಂದು ನಾನು ಕೇಳಿಕೊಂಡೆ. ಅವರು ಉತ್ಸಾಹದಿಂದ ಶುರುಮಾಡಿ, ಮುಕ್ಕಾಲು ಪಾಲು ಮಕ್ಕಳು ಚಾಕ್‌ಪೀಸಿನ ಶಿಕ್ಷೆಗೆ ಹೆದರುತ್ತಾರೆ ಎಂಬ ಸಾಲಿನ ನಡುವೆ ನಿಂತುಬಿಟ್ಟರು.

"ಓದ್ರಿ ಸರ್," ಎಂದೆ. "ಎಲ್ಲಾರಿಗೂ ಕೇಳೂ ಹಂಗ."

ಓದಿದರು. ಹಾಳೆ ಕೆಳಗಿಟ್ಟು ನನ್ನತ್ತ ತಿರುಗಿದರು. "ಇದನ್ನ ಯಾರೋ ಹೇಳಿಕೊಟ್ಟಾರ. ನಾ ಅಲ್ಲೇ ನಿಂತಿದ್ನಿ, ಒಬ್ರೂ ಪಿಟ್ಟ ಅಂದಿಲ್ಲ. ಯಾರು ಹೇಳಿದ್ರು, ಹೇಳ್ರಿ ಮೇಡಂ."

ನಾನು ಒಂದೊಂದೇ ಪದವನ್ನು ತುಟಿಯಲ್ಲಿ ಬಿಡಿಸಿ ಹೇಳಿದೆ: "ನಾ ಗೌರೀಶನ ಅಕ್ಕ ರೀ. ನನ್ನ ತಮ್ಮನ ಬಾಯಾಗ ಇನ್ನೂ ಚಾಕ್‌ಪೀಸ್ ಐತಿ."

"ಏನಂತಾಳ ಈಕಿ?" ಅಂದಾನೆಪ್ಪ ಅಧ್ಯಕ್ಷರತ್ತ ತಿರುಗಿದರು. "ಏನಂದ್ಲರಿ ಸಾವಕಾರ?"

ರಾಮಲಿಂಗಪ್ಪ ನನ್ನ ತುಟಿಯಿಂದ ಕಣ್ಣು ತೆಗೆದರು. ಓದಿಕೊಂಡದ್ದನ್ನು ಅಂದಾನೆಪ್ಪನವರಿಗೆ ಬಿಡಿಸಿ ಹೇಳಲಿಲ್ಲ. "ಜಮಖಂಡಿಗೆ ಬ್ಯಾರೆಯವ್ರನ್ನ ನೋಡೂಣು," ಎಂದರು. "ನೀವ್ ಕುಂದರ್ರಿ."

ಅಂದಾನೆಪ್ಪ ಕೂರಲಿಲ್ಲ. ಎಲ್ಲರೆದುರು, ಬಾಯಿ ಅರ್ಧ ತೆರೆದು, ಮಾತಿಲ್ಲದೆ ನಿಂತೇ ಇದ್ದರು. ಗೌರೀಶನನ್ನೂ ಕರೆತರಬೇಕಿತ್ತು ಎನಿಸಿತು.