ಟಗರಿನ ಹೆಸರು ಕೊಂಡದ್ದು

ಹೆಸರನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂದು ಸಾಜಿಯಾ ಹೇಳಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

“ಟಗರ ನಮ್ದು, ಊರ ನಮ್ದು. ಹೆಸರ ಮಾರಾಕ ಅಂವಾ ಯಾವಂವಾ?”

“ಕುಂದ್ರಿ ಕಾಕಾ. ಅಂವಾ ಮೊದಲ ಹಿಡದಿಟ್ಟಾನ. ಮೊದಲ ಹಿಡದವ್ರದ ಅದು.”

ಸಾಜಿಯಾ ಉಮದಿಯ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾಳೆ. ಅವಳ ಅಪ್ಪ ಕಾಸೀಂಸಾಬ ಕುರಿಸಂತೆಯ ದಲ್ಲಾಳಿ, ನನ್ನ ಮೂವತ್ತು ವರ್ಷದ ಗೆಳೆಯ. ನಾನು ಅಮೋಗಸಿದ್ದ, ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ಕರಜಗಿಯವನು. ಹತ್ತಿರದ ಮಾಡಗ್ಯಾಳ ಊರಿನ ಹೆಸರು ಹೊತ್ತ ತಳಿಯ ಕುರಿ ಸಾಕುತ್ತೇನೆ. ನಮ್ಮಂಥ ಹನ್ನೊಂದು ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೆವು. ದೂರದ ಗಿರಾಕಿಗಳು ಮೊಬೈಲಿನಲ್ಲೇ ಟಗರು ನೋಡಿ ಫೋನ್ ಮಾಡಲಿ ಎಂದು ವೆಬ್‌ಸೈಟ್ ಮಾಡಿಸಲು ಹೊರಟಿದ್ದೆವು. ಪುಟಗಳು ತಯಾರಾಗಿದ್ದವು. ‘ಮಾಡಗ್ಯಾಳ ಟಗರು ಡಾಟ್ ಕಾಮ್’ ಎಂಬ ವಿಳಾಸ ಮಾತ್ರ ಯಾರದೋ ಕೈಯಲ್ಲಿತ್ತು. ಇಂಥ ಹೆಸರುಗಳನ್ನು ಮಾರಲಿಕ್ಕೆಂದೇ ಆನ್‌ಲೈನಿನಲ್ಲಿ ಒಂದು ಸಂತೆಯಿದೆ. ಅಲ್ಲಿ ಅವನು ಹದಿನೆಂಟು ಸಾವಿರ ಎಂದು ಬರೆದು ಕೂತಿದ್ದ.

ಜಗಳಕ್ಕೆ ಹೆದರದವನು ಎಂದು ಗುಂಪಿನವರು ಈ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಜಗಳಕ್ಕೆ ತಯಾರಾದೆ. ಕಾಸೀಂಸಾಬ ತಡೆದ.

“ಅವನ ರೇಟಿಗೆ ಉತ್ತರಾನ ಕೊಡಬ್ಯಾಡ. ಸಂತ್ಯಾಗ ಹೆಂಗ ಮಾಡ್ತೀವಿ? ಟಗರ ನೋಡೂದು, ಕೆಮ್ಮೂದು, ಮುಂದ ಹೋಗೂದು.”

ಮೂರು ದಿನ ಸುಮ್ಮನಿದ್ದೆವು. ನಾಲ್ಕನೇ ದಿನ ಅವನೇ ಹನ್ನೆರಡಕ್ಕೆ ಇಳಿದ. ನಾವು ಇನ್ನೂ ಮುಂದೆ ಹೋದೆವು. ಕೊನೆಗೆ ಐದೂವರೆ ಸಾವಿರಕ್ಕೆ ವ್ಯಾಪಾರ ಮುಗಿಯಿತು. ಕಾಸೀಂಸಾಬ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದ.

ಆ ಆನ್‌ಲೈನ್ ಸಂತೆಯ ಪದ್ಧತಿ ಚೆನ್ನಾಗಿಯೇ ಇದೆ. ನಾವು ಕೊಟ್ಟ ದುಡ್ಡು ಮೊದಲು ಸಂತೆಯವರ ಕೈಯಲ್ಲಿರುತ್ತದೆ. ‘ಸಿಕ್ಕಿತು’ ಎಂದು ನಾವು ಗುಂಡಿ ಒತ್ತಿದ ಮೇಲೆ ಮಾರಿದವನಿಗೆ ಹೋಗುತ್ತದೆ. ಮಾರಿದವನು ಮರಾಠಿಯಲ್ಲಿ ಬರೆದ: ‘ಹೆಸರನ್ನು ಈಗಲೇ ನಿಮ್ಮ ಪುಟಕ್ಕೆ ಜೋಡಿಸಿದ್ದೇನೆ. ಅದನ್ನು ನಿಮ್ಮ ಖಾತೆಗೆ ದಾಟಿಸುವ ಕೋಡ್ ನನ್ನಲ್ಲಿದೆ, ಕೇಳಿದಾಗ ಕೊಡುತ್ತೇನೆ. ಗುಂಡಿ ಒತ್ತಿಬಿಡಿ.’

ಸಾಜಿಯಾ ಮೊಬೈಲಿನಲ್ಲಿ ಹೆಸರು ಬರೆದು ನೋಡಿದಳು. ನಮ್ಮ ಪುಟ ತೆರೆಯಿತು, ನಮ್ಮ ಟಗರುಗಳು ಕಂಡವು.

“ಕೋಡ್ ತಗೊಂಡ ಒತ್ತೂಣ್ರಿ ಕಾಕಾ,” ಎಂದಳು.

ನಾನು ಬೈದೆ. ನಮ್ಮ ಸಂತೆಯಲ್ಲಿ ಕುರಿ ಮಾರಿದವನು ಹಗ್ಗ ಬಿಚ್ಚಿಕೊಂಡು ಹೋಗುತ್ತಾನೆ. ಕೊಂಡವನು ತನ್ನ ಹಗ್ಗ ತರಬೇಕು. ಮಾರಿದವನ ಹಗ್ಗ ಕೇಳಿದರೆ ಅವನ ಹಟ್ಟಿಯ ಲಕ್ಷ್ಮಿಯನ್ನೇ ಎಳೆದುಕೊಂಡು ಬಂದಂತೆ. ನನ್ನಪ್ಪನ ಕಾಲದಿಂದಲೂ ಯಾರೂ ಕೇಳಿದ್ದಿಲ್ಲ.

“ಟಗರ ಬಂತಿಲ್ಲೋ? ಮಂದಿ ಹಗ್ಗ ನಮಗ್ಯಾಕ?”

“ಅದು ಹಗ್ಗ ಅಲ್ರಿ, ಅದು—”

“ಸಾಲಿ ಕಲ್ತ ಹುಡಗ್ಯಾರಿಗೆ ವ್ಯಾಪಾರ ತಿಳಿಯಂಗಿಲ್ಲ. ಅತ್ತಾಗ ಸರಿ,” ಎಂದು ನಾನೇ ಗುಂಡಿ ಒತ್ತಿದೆ. ಕಾಸೀಂಸಾಬ ತಲೆಯಾಡಿಸಿದ. ಅವನಿಗೂ ಅದೇ ಸರಿ ಅನಿಸಿತ್ತು. ಅಷ್ಟೇ ಅಲ್ಲ, ‘ಕೋಡ್ ನಿಮ್ಮಲ್ಲೇ ಇರಲಿ, ನಮಗೆ ಬೇಡ’ ಎಂದು ನಾನು ದೊಡ್ಡ ಮನಸ್ಸಿನಿಂದ ಬರೆಯಿಸಿಯೂ ಬಿಡುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ದಿನ ಕರೆಂಟಿನವರು ನನಗೆ ಮಾಡಿದ ಉಪಕಾರ ಮುಂದೆ ತಿಳಿಯಿತು.

ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿದೆವು. ಮೇಲೆ ವೆಬ್‌ಸೈಟ್ ಹೆಸರು, ಕೆಳಗೆ ನನ್ನ ಫೋನ್ ನಂಬರು. ಗುಡ್ಡಾಪುರಕ್ಕೆ ಬರುವ ಭಕ್ತರಿಗೆ, ಜತ್ತಿನ ಸಂತೆಯಲ್ಲಿ, ವಿಜಯಪುರದ ಬಸ್ಸುಗಳಲ್ಲಿ ಹಂಚಿದೆವು. ಮೂರು ವಾರದಲ್ಲಿ ನಾಲ್ಕು ಟಗರು ಹೋದವು.

ಇಪ್ಪತ್ತನಾಲ್ಕನೇ ದಿನ ಸಾಂಗೋಲ್ಯದಿಂದ ಒಬ್ಬ ಫೋನ್ ಮಾಡಿದ. “ಬ್ರಾಯ್ಲರ್ ಕೋಳಿ ಕಿಲೋ ಹೆಂಗ್ರಿ?”

ಇಟ್ಟುಬಿಟ್ಟೆ. ಇನ್ನೊಬ್ಬ ಮೊಟ್ಟೆ ಕೇಳಿದ. ಮೂರನೆಯವನಿಗೆ ನಾನು ಏನು ಅಂದೆನೋ ಇಲ್ಲಿ ಬರೆಯುವಂತಿಲ್ಲ. ಮೋಟಾರ್ ಸೈಕಲ್ ಹತ್ತಿ ಉಮದಿಗೆ ಹೋದೆ. ಸಾಜಿಯಾ ನಮ್ಮ ಹೆಸರು ತೆರೆದಳು. ನಮ್ಮ ಕರಪತ್ರ ನೋಡಿ ಹೆಸರು ತೆರೆದವರಿಗೆಲ್ಲ ಕಾಣುತ್ತಿದ್ದದ್ದು ಕೋಳಿ ಫಾರ್ಮೊಂದರ ಜಾಹೀರಾತು. ಅದರ ಕೆಳಗೆ: ‘ಈ ಹೆಸರು ಮಾರಾಟಕ್ಕಿದೆ, ನಲವತ್ತು ಸಾವಿರ.’

“ಒಮ್ಮಿ ಮಾರಿದ್ದ ಮತ್ತ ಹೆಂಗ ಮಾರ್ತಾನ?”

“ಕಾಕಾ, ಹೊಲ ನೀವು ಬಿತ್ತಿದ್ರಿ, ಹೊಲದ ಉತಾರ, ಆ ಸಾತಬಾರಾ, ಅವನ ಹೆಸರಿಲೇ ಇತ್ತು. ಕೋಡ್ ಅಂದ್ರ ಆ ಸಾತಬಾರಾ ನಮ್ಮ ಹೆಸರಿಗೆ ಮಾಡಸೂದು.”

ಮೊದಲೇ ಹೀಗೆ ಹೇಳಬಾರದಿತ್ತೇ ಎಂದು ಕೂಗಿದೆ. ಹೇಳಲು ನೀವು ಎಲ್ಲಿ ಬಿಟ್ಟಿರಿ ಎಂದು ಅವಳು ಕೂಗಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಅದು ಇನ್ನೂ ಕೆಟ್ಟದ್ದು.

ಆನ್‌ಲೈನ್ ಸಂತೆಯವರಿಗೆ ತಕರಾರು ಹಾಕಲು ಗುಂಡಿ ಒತ್ತಿದ ದಿನದಿಂದ ಮೂವತ್ತು ದಿನದ ಗಡುವು. ಆರು ದಿನ ಉಳಿದಿದ್ದವು. ಅವಳು ಅರ್ಜಿ ತುಂಬುತ್ತ ಕೂತಾಗ ನಾನು ನನ್ನ ಮೊಬೈಲಿನಿಂದ ಆ ಸಂತೆಯ ಪುಟದಲ್ಲೇ ಮಾರಿದವನಿಗೆ ಒಂದು ಸಂದೇಶ ಕಳಿಸಿದೆ. ಮನೆ ಹುಡುಕಿಕೊಂಡು ಬಂದು ಹಲ್ಲು ಉದುರಿಸುತ್ತೇನೆ ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು.

ಮರುದಿನ ಸಂತೆಯವರ ಪತ್ರ ಬಂತು. ಒಂದು, ಬೆದರಿಕೆಯನ್ನು ಬರಹದಲ್ಲಿ ಹಿಂದಕ್ಕೆ ಪಡೆಯದಿದ್ದರೆ ನಮ್ಮ ಖಾತೆ ಬಂದ್. ಎರಡು, ಆ ಹೆಸರನ್ನು ನಮ್ಮ ಗುಂಪು ನಿಜವಾಗಿ ಬಳಸುತ್ತಿತ್ತು ಎಂಬುದಕ್ಕೆ ಸದಸ್ಯರೆಲ್ಲರ ಸಹಿ ಇರುವ ಕಾಗದ ಮತ್ತು ಕರಪತ್ರ ಕಳಿಸಬೇಕು.

ಎಲ್ಲರ ಸಹಿ ಎಂದರೆ ಎಲ್ಲರಿಗೂ ಹೇಳಬೇಕು. ಹೆಸರು ಕೈತಪ್ಪಿದ್ದು ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲಸಿಕೆ ತಪ್ಪಿಸಿದವನನ್ನು, ಬೇಲಿ ತೆರೆದಿಟ್ಟವನನ್ನು, ಎಲ್ಲರನ್ನೂ ನಾನು ಸಭೆಯಲ್ಲಿ ನಿಲ್ಲಿಸಿ ಬೈದವನು. ಈಗ ನಾನೇ ನಿಲ್ಲಬೇಕು.

“ಹೆಸರ ಹೋದ್ರ ಹೋಗ್ಲಿ ಬಿಡು ಕಾಸೀಂಭಾಯಿ. ಬ್ಯಾರೆ ತಗೊಳ್ಳೂಣು.”

“ಹೆಸರ ಹೋಗ್ತದ. ಆ ಎರಡ ಸಾವಿರ ಕಾಗದ ಹೋಗಂಗಿಲ್ಲ. ವರ್ಷಗಟ್ಟಲೆ ಕೋಳಿ ಮಾರ್ತೀಯೇನು?” ಎಂದ ಕಾಸೀಂಸಾಬ.

ಸಂಜೆ ಗೌರವ್ವನ ಅಂಗಳದಲ್ಲಿ ಎಲ್ಲರೂ ಸೇರಿದರು. ಗೌರವ್ವ ಗುಂಪಿನಲ್ಲಿ ಹಿರಿಯಳು, ಎಪ್ಪತ್ತು ದಾಟಿದವಳು. ನಾನು ನಿಂತು, ಒಂದನ್ನೂ ಮುಚ್ಚಿಡದೆ ಹೇಳಿದೆ. ಕೋಡ್ ತೆಗೆದುಕೊಂಡೇ ಒತ್ತೋಣ ಎಂದು ಸಾಜಿಯಾ ಅಂದದ್ದನ್ನೂ ಹೇಳಿದೆ.

ಆಮೇಲೆ ಗೌರವ್ವ ಬಾಯಿಯ ಎಲೆಅಡಿಕೆ ಉಗುಳಿ ಬಂದಳು.

“ತಮ್ಮಾ, ನಾವು ಗುಡ್ಡದಾಗ ಇನ್ನೂರ ಕುರಿ ಕಾಯ್ತೀವಿ. ನೀ ಒಂದ ಹೆಸರ ಕಾಯಲಿಲ್ಲಲ್ಲೋ!”

ಅಂಗಳವೆಲ್ಲ ನಕ್ಕಿತು. ನಾನು ಬೈದಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. ನನ್ನ ಕಿವಿ ಕೆಂಪಾದವು. ಆದರೆ ಕಾಗದ ಕೈಯಿಂದ ಕೈಗೆ ದಾಟುತ್ತಿತ್ತು. ಗೌರವ್ವ ಹೆಬ್ಬೆಟ್ಟು ಒತ್ತುತ್ತ, “ನಿನ್ನ ಜಾಗಾದಾಗ ನಾ ಇದ್ರೂ ಹಗ್ಗ ಕೇಳ್ತಿರಲಿಲ್ಲ ಬಿಡು,” ಎಂದಳು. ಅದನ್ನು ಮೆಲ್ಲಗೆ ಹೇಳಿದಳು, ಉಳಿದವರಿಗೆ ಕೇಳದ ಹಾಗೆ.

ಇನ್ನು ಕ್ಷಮಾಪಣೆ. ನಾನು ಹೇಳಿದೆ, ಸಾಜಿಯಾ ಬರೆದಳು.

“ನಿನ್ನ ಮನಿಗೆ ನಾ ಬರಂಗಿಲ್ಲ. ನೀ ಕಳ್ಳ ಇದ್ರೂ—”

“ಕಳ್ಳ ತಗದೆ.”

“ನೀ ಹಲ್ಕಟ್ಟ ಇದ್ರೂ—”

“ಅದನ್ನೂ ತಗದೆ.”

“ಹಂಗಾದ್ರ ಉಳಿದದ್ದೇನು?”

“‘ಸಿಟ್ಟಿನಾಗ ಬರದೆ, ತಪ್ಪಾತು.’ ಇಷ್ಟ ಉಳಿದದ ಕಾಕಾ.”

“ಕಳಸು,” ಎಂದು ಹೊರಗೆ ಹೋಗಿ ನಿಂತೆ. ಕಾಸೀಂಸಾಬ ಹಿಂದೆಯೇ ಬಂದು ಬೆನ್ನು ತಟ್ಟಿದ. ಆ ಹೊತ್ತಿನಲ್ಲಿ ಅವನು ಒಂದು ಮಾತಾಡಿದ್ದರೂ ಅವನ ಮೇಲೆ ಬೀಳುತ್ತಿದ್ದೆ. ಅವನಿಗೆ ಗೊತ್ತು, ಮಾತಾಡಲಿಲ್ಲ.

ಗಡುವಿನ ಕೊನೆಯ ದಿನ ತೀರ್ಪು ಬಂತು. ಗುಂಡಿ ಒತ್ತಿದ್ದು ನಮ್ಮ ತಪ್ಪು ಎಂದು ಅವರು ಮೊದಲ ಸಾಲಿನಲ್ಲೇ ಬರೆದಿದ್ದರು. ಆದರೆ ‘ಕೇಳಿದಾಗ ಕೊಡುತ್ತೇನೆ’ ಎಂದು ಮಾರಿದವನೇ ಒಪ್ಪಿದ್ದಾನೆ, ಕೊಂಡವರು ಬೇಡ ಎಂದು ಎಲ್ಲೂ ಹೇಳಿಲ್ಲ. ಆದ್ದರಿಂದ ಎರಡು ದಿನದೊಳಗೆ ಕೋಡ್ ಕೊಡಬೇಕು, ಇಲ್ಲದಿದ್ದರೆ ಅವನ ಬಳಿಯಿರುವ ಎಲ್ಲ ಹೆಸರುಗಳ ಮಾರಾಟ ಬಂದ್. ಅವನ ಬಳಿ ಆರುನೂರು ಹೆಸರುಗಳಿದ್ದವಂತೆ. ಕೋಡ್ ಅದೇ ಸಂಜೆ ಬಂತು.

ಹೆಸರನ್ನು ಯಾರ ಖಾತೆಯಲ್ಲಿ ಇಡುವುದು ಎಂದು ಮತ್ತೆ ಸಭೆ. ನಾನು ಬಾಯಿ ತೆರೆಯುವ ಮೊದಲೇ ಗೌರವ್ವ ತೀರ್ಮಾನ ಮಾಡಿದಳು.

“ಖಾತಿ ಗುಂಪಿಂದು. ಗುಂಡಿ ಒತ್ತಾಕಿ ಸಾಜಿಯಾ. ಅಮೋಗಸಿದ್ದ ಟಗರ ಹಿಡ್ಕೊಂಡ ನಿಂದರಲಿ, ಫೋಟೋ ತಗೀರಿ.”

ಒಪ್ಪಿಕೊಂಡೆ. ನನ್ನ ದೊಡ್ಡ ಟಗರನ್ನು ಅಂಗಳಕ್ಕೆ ಎಳೆದು ತಂದೆ. ಅದು ನಿಲ್ಲಲೊಲ್ಲದು, ನನ್ನನ್ನೇ ಗೋಡೆಗೆ ಒತ್ತುತ್ತಿತ್ತು.

“ಕಾಕಾ, ಸ್ವಲ್ಪ ನಗ್ರಿ.”

“ನಾ ನಕ್ರ ಟಗರ ಮಾರಾಟ ಆಗ್ತದೇನ?”

“ನಿಮ್ಮ ಸಿಟ್ಟ ನೋಡಿದ್ರ ಗಿರಾಕಿ ಓಡ್ತಾರ್ರಿ!”

ನಕ್ಕೆ. ಫೋಟೋ ಅವತ್ತೇ ವೆಬ್‌ಸೈಟಿಗೆ ಹತ್ತಿತು. ಅದರಲ್ಲಿ ನನ್ನ ಮುಖ ಅರ್ಧ ಕತ್ತರಿಸಿ ಹೋಗಿದೆ. ಟಗರು ಪೂರ್ತಿ ಬಂದಿದೆ. ಹನ್ನೊಂದು ಮನೆಯವರೂ ನೋಡಿ ಚಲೋ ಆಗೇದ ಎಂದರು.