ಯಾರೂ ಕೇಳಲು ಬಾರದ ಕಂಪನಿ

ವಿಮಾ ಕಂಪನಿಗಳಿಗೆ ಅಂಕ ಹಾಕುವುದು ನನ್ನ ಕೆಲಸ. ಅದಕ್ಕೇ ಅಪ್ಪ ನನ್ನನ್ನು ಟೀಚರಮ್ಮ ಎಂದು ಕರೆಯುತ್ತಿದ್ದ. ಜೀವಮಾನವಿಡೀ ದರ್ಜಿಯಾಗಿದ್ದ ಅವನಿಗೆ, ಬೆರಳಲ್ಲಿ ಉಜ್ಜಿ ನೋಡದೆ ಗಟ್ಟಿಯೋ ಜೊಳ್ಳೋ ಎಂದು ಹೇಳುವುದು ನಂಬುವ ಮಾತಾಗಿರಲಿಲ್ಲ. "ಕಂಪನಿನ ಮುಟ್ಟಿ ನೋಡ್ತೀಯೇನೇ?" ಎಂದು ಕಿಚಾಯಿಸುತ್ತಿದ್ದ. ಮುಟ್ಟಿ ನೋಡಿದ ಹಾಗೇ ಎಂದು ನಾನು ವಿವರಿಸುತ್ತಿದ್ದೆ. ನಾಳೆ ಊರಿಗೆ ಊರೇ ಬಂದು ಬಾಗಿಲು ತಟ್ಟಿದರೂ ಎಲ್ಲರಿಗೂ ಕೊಡುವಷ್ಟು ಗಂಟು ಇದೆಯೋ, ಆ ಗಂಟನ್ನು ಎಲ್ಲಿ ಹೂಡಿದ್ದಾರೆ, ಕಷ್ಟಕಾಲದಲ್ಲಿ ಅದು ಕೈಗೆ ಸಿಗುತ್ತದೋ, ಇಷ್ಟೇ ನಾವು ನೋಡುವುದು. ಕೊಡುವ ತಾಕತ್ತು ಇದೆ ಎಂದು ನಮ್ಮ ದರ್ಜೆ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಹೇಳುವುದಿಲ್ಲ. ಜನ ಮಾತ್ರ ದರ್ಜೆ ನೋಡಿದ ಕೂಡಲೇ ಎಲ್ಲವೂ ಸರಿಯಿದೆ ಎಂದು ನೆಮ್ಮದಿಯಾಗಿ ಮಲಗುತ್ತಾರೆ.

ನನ್ನ ತಮ್ಮನೂ ಹಾಗೇ ಮಲಗಿದವನು. ಅವನು ಬೈಕ್ ಮೆಕ್ಯಾನಿಕ್, ಮದುವೆಯಾಗದೆ ಅಪ್ಪನ ಜೊತೆಗೇ ಉಳಿದಿದ್ದ. ತಲೆ ನರೆತರೂ ಅಪ್ಪನಿಗೆ ಅವನು ಪಾಪುವೇ. ಅಪ್ಪನ ಹೃದಯ ಕೈಕೊಡಲು ಶುರುವಾದ ಮೇಲೆ ದಿನಾ ಬೆಳಗ್ಗೆ ಅವನ ಗಡ್ಡ ಕೆರೆಯುವವನು, ಬೆನ್ನು ತಿಕ್ಕುವವನು ಎಲ್ಲ ಈ ಪಾಪುವೇ. ಪಕ್ಕದ ಬೀದಿಯಲ್ಲಿದ್ದ ನಾನು ಸಂಜೆ ಬಂದು ಬುದ್ಧಿ ಹೇಳಿ ಹೋಗುವವಳು. ನಾನು ಒಳ್ಳೆಯ ದರ್ಜೆ ಕೊಟ್ಟಿದ್ದ ಕಂಪನಿಯನ್ನೇ ಹುಡುಕಿ ಅವನು ಎಷ್ಟೋ ವರ್ಷಗಳ ಹಿಂದೆ ಅಪ್ಪನ ಮೇಲೆ ಪಾಲಿಸಿ ಮಾಡಿಸಿದ್ದ. ಕಂತು ಕಟ್ಟುತ್ತಿದ್ದವನು ಅವನೇ, ಅಪ್ಪ ಹೋದ ಮೇಲೆ ದುಡ್ಡು ಬರಬೇಕಾದದ್ದೂ ಅವನಿಗೇ.

ಆ ಕಂಪನಿಯ ದರ್ಜೆಯನ್ನು ಇನ್ನೂ ಏರಿಸಬೇಕೆಂದು ನಮ್ಮ ಆಫೀಸಿನಲ್ಲಿ ಮಾತು ಬಂತು. ನನಗೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು. ಯಾರ ಮೇಲೆ ಪಾಲಿಸಿ ಇತ್ತೋ ಅವರು ಬೇರೆ ಕಂಪನಿಗಳವರಷ್ಟೇ ಸಾಯುತ್ತಿದ್ದರು. ಆದರೆ ದುಡ್ಡು ಕೇಳಿಕೊಂಡು ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಹೊರಗೆ ಹೋಗದ ದುಡ್ಡು ಒಳಗೇ ಉಳಿದು ಕಂಪನಿ ಕೊಬ್ಬಿತ್ತು. ಬಂದವರನ್ನು ಬಾಗಿಲಲ್ಲೇ ಅಟ್ಟುತ್ತಿರಬೇಕು ಎಂದುಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಶುಕ್ರವಾರ ಬೆಳಗ್ಗೆ ಅವರ ಆಫೀಸಿಗೆ ಹೋದೆ.

ಕ್ಲೇಮ್ ವಿಭಾಗ ಹಿಂಬದಿಯ ಕೋಣೆಯಲ್ಲಿತ್ತು. ಕಾಯುವವರಿಗೆಂದು ಹಾಕಿದ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಕೌಂಟರಿಗೆ ದಾರ ಕಟ್ಟಿ ಇಟ್ಟಿದ್ದ ಪೆನ್ನನ್ನು ಗೀಚಿ ನೋಡಿದೆ, ಶಾಯಿ ಒಣಗಿತ್ತು. ಇದ್ದವನು ಒಬ್ಬನೇ ಗುಮಾಸ್ತ. ನನ್ನನ್ನು ಕಂಡು ಮನೆಗೆ ನೆಂಟರು ಬಂದಂತೆ ಸಂತೋಷಪಟ್ಟ.

"ನಾವು ಯಾರನ್ನೂ ವಾಪಸ್ ಕಳ್ಸಿಲ್ಲ ಮೇಡಂ," ಎಂದ. "ಕೇಳಿದ್ರೆ ಅದೇ ವಾರ ಕೊಡ್ತೀವಿ. ಕೇಳೋರೇ ಇಲ್ಲ."

"ಯಾಕಿಲ್ಲ?"

"ಕಂತು ನಿಂತ ಕೂಡ್ಲೇ ನಾವೇ ಫೋನ್ ಮಾಡ್ತೀವಿ. ಅಂಥೋರು ನಮ್ಮನೇಲಿ ಯಾರೂ ಇರ್ಲಿಲ್ಲ ಅಂತಾರೆ. ಅಕ್ಕಪಕ್ಕದವ್ರಿಗೆ ನೆನಪಿರುತ್ತೆ. ಮನೇಲಿ ಉಳಿದವ್ರಿಗೂ ನೆನಪಿರುತ್ತೆ. ದುಡ್ಡು ಯಾರಿಗೆ ಸಲ್ಲಬೇಕೋ ಅವ್ರಿಗೊಬ್ರಿಗೆ ಇರಲ್ಲ. ಉಸಿರು ನಿಂತ ಗಳಿಗೇಲೇ ಮರೆತು ಹೋಗುತ್ತಂತೆ." ಬಸ್ಸು ತಡವಾದ ವಿಷಯ ಹೇಳುವಷ್ಟು ಸಲೀಸಾಗಿ ಅವನು ಹೇಳುತ್ತಿದ್ದ. "ಮೊದ್ಲು ಮೊದ್ಲು ಯಾಕೆ ಹೀಗೆ ಅಂತ ಹುಡುಕಿದ್ರು. ದರ್ಜೆ ಏರ್ತಾ ಹೋಯ್ತು ನೋಡಿ, ಹುಡುಕೋದು ಬಿಟ್ರು."

ಕಾಗೆ ಹಾರಿಸುತ್ತಿದ್ದಾನೆ ಎಂದುಕೊಂಡೆ. ಅವನ ಮೇಜಿನ ಮೇಲೆ ಒಂದು ಫೋಟೊ ಇತ್ತು. ಅದರಲ್ಲಿ ಹೆಂಗಸೊಬ್ಬಳು ನಗುತ್ತ ಅವನ ಭುಜಕ್ಕೆ ಒರಗಿ ನಿಂತಿದ್ದಳು. ಮಾತು ಬದಲಿಸಲು, "ನಿಮ್ಮ ಮನೆಯವ್ರಾ?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಮನೇಲಿ ಸಿಕ್ತು. ನಗು ಚೆನ್ನಾಗಿದೆ ಅಂತ ಇಟ್ಕೊಂಡಿದೀನಿ." ಆಮೇಲೆ ಸ್ವಲ್ಪ ಹೆಮ್ಮೆಯಿಂದ ಸೇರಿಸಿದ. "ಇಲ್ಲಿ ಕೆಲಸ ಮಾಡೋರ ಮನೆಮಂದಿಗೆಲ್ಲ ಕಂಪನಿಯಿಂದಾನೇ ಪಾಲಿಸಿ."

ಆ ಫೋಟೊವನ್ನು ಮತ್ತೊಮ್ಮೆ ನೋಡಿದೆ. ಆದರೂ ಒಬ್ಬನ ಮಾತು ಕೇಳಿ ನಂಬುವ ಜಾತಿ ನನ್ನದಲ್ಲ. ಅವನಿಂದ ಒಂದು ವಿಳಾಸ ಪಡೆದು ಅಲ್ಲಿಂದಲೇ ಆ ಮನೆಗೆ ಹೋದೆ. ಗಂಡ ಹೋಗಿ ಇನ್ನೂ ತಿಂಗಳು ಕಳೆದಿಲ್ಲ ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು, ಇವಳು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ಎಂದು ಮೂಗೂ ಮುರಿದಳು. ಹೆಂಡತಿ ನನ್ನನ್ನು ಆದರದಿಂದ ಒಳಗೆ ಕರೆದಳು. ಬಾಗಿಲ ಹಿಂದೆ ಗಂಡಸಿನ ದೊಡ್ಡ ಚಪ್ಪಲಿಗಳಿದ್ದವು. ಚಹಾವನ್ನು ಮೂರು ಲೋಟಕ್ಕೆ ಬಗ್ಗಿಸಿ ತಂದಳು. ಮೂರನೆಯದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು.

"ದಿನಾ ಹೀಗೇ ಮಾಡ್ತೀನಿ," ಎಂದಳು. "ಸಾರಿಗೂ ಅಷ್ಟೇ, ಉಪ್ಪು ಜಾಸ್ತಿ ಹಾಕ್ಬಿಡ್ತೀನಿ. ನಂಗೆ ಉಪ್ಪು ಆಗಲ್ಲ. ಯಾರಿಗೆ ಅಂತ ಹಾಕ್ತೀನೋ." ನಗಲು ಹೋದಳು, ನಗು ಬರಲಿಲ್ಲ.

ಆಫೀಸಿಗೆ ಬಂದು ಬಾಸ್ ಎದುರು ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಬಂಡವಾಳ ಇದೆಯಾ?"

"ಇದೆ."

"ಕೇಳ್ದೋರಿಗೆ ಕೊಟ್ಟಿದಾರಾ?"

"ಕೊಟ್ಟಿದಾರೆ."

"ಮತ್ತೇನಮ್ಮ? ಮರೆವನ್ನ ಯಾವ ಕಾಲಮ್ಮಿಗೆ ತುಂಬಿಸ್ಲಿ?"

ಸಂಜೆಯೊಳಗೆ ಆ ಕಂಪನಿ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಏರಿತು. ನಾನು ಆಗಲೇ ಅಪ್ಪನ ಮನೆಯ ದಾರಿ ಹಿಡಿದಿದ್ದೆ. ಕಂಪನಿ ಹಾಳುಬಿದ್ದು ಹೋಗಲಿ, ನನಗೆ ಬೇಕಾದದ್ದು ಒಂದೇ. ಅಪ್ಪನ ಉಸಿರು ನಿಲ್ಲುವ ಮೊದಲು ತಮ್ಮ ಆ ಪಾಲಿಸಿಯನ್ನು ರದ್ದು ಮಾಡಿಸಬೇಕು.

ನಾನು ಕಂಡದ್ದನ್ನೆಲ್ಲ ಕೇಳಿ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂಗೆ ತಲೆ ನೆಟ್ಟಗಿದೆಯೇನಕ್ಕ? ಇಷ್ಟು ವರ್ಷ ಕಟ್ಟಿದ್ದು ನೀರಲ್ಲಿ ಹೋಮ ಮಾಡ್ಲಾ? ನಾನು ಅಪ್ಪನ್ನ ಮರೀತೀನಾ?"

"ನೀನಾಗಿ ಮರೆಯಲ್ಲ ಕಣೋ."

ಹಾಸಿಗೆಯಲ್ಲಿ ಒರಗಿದ್ದ ಅಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದ. "ಟೀಚರಮ್ಮ, ಆ ಕಂಪನಿಗೆ ನೀನೇ ಅಲ್ವೇನೇ ಪಾಸು ಮಾಡಿದ್ದು?"

"ಹೂಂ ಅಪ್ಪ. ಕೊಡೋ ಶಕ್ತಿ ಇದೆಯಾ ಅಂತಷ್ಟೇ ನೋಡಿದ್ದೆ."

ಅಪ್ಪ ತಮ್ಮನ ಕಡೆ ನೋಡಿದ. ಆ ನೋಟದಲ್ಲಿ ಹೆದರಿಕೆ ಇತ್ತು. ಸಾವಿನ ಮಾತೆತ್ತಿದರೆ ತಮಾಷೆ ಮಾಡುತ್ತಿದ್ದ ಮನುಷ್ಯ ಆವತ್ತು ಮೊದಲ ಸಲ ಹೆದರಿದ್ದನ್ನು ಕಂಡೆ. "ಪಾಪು," ಎಂದ ಮೆತ್ತಗೆ, "ದುಡ್ಡು ಬೇಡ ಬಿಡೋ."

ತಮ್ಮನ ನಗು ಅಲ್ಲಿಗೆ ನಿಂತಿತು. "ಸರಿ. ಇವಳ ಮಾತು ನಂಬಿ ಅಲ್ಲ, ನೀನು ಹೇಳಿದ್ದಕ್ಕೆ. ಸೋಮವಾರ ಆಫೀಸ್ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತೀನಿ. ಆಯ್ತಾ?"

ಶನಿವಾರ, ಭಾನುವಾರ ಎರಡೂ ರಜೆ. ನಾನು ಅಪ್ಪನ ಮನೆಯಲ್ಲೇ ಉಳಿದೆ. ಅವನ ಎದೆ ಏರಿ ಇಳಿಯುವುದನ್ನು ನೋಡುತ್ತ ಕೂರುವುದೇ ಕೆಲಸವಾಯಿತು. ಶನಿವಾರ ಅಪ್ಪ ಗೆಲುವಾಗಿದ್ದ, ಎರಡು ತುತ್ತು ಹೆಚ್ಚೇ ಉಂಡ. ಗೋಡೆಗೆ ತೂಗುಹಾಕಿದ್ದ ಅಳತೆ ಟೇಪು ಸುಮ್ಮನೆ ತೂಗಾಡಿದರೂ ನನ್ನ ಜೀವ ಹಾರುತ್ತಿತ್ತು. ದೇವರೇ, ಇನ್ನೊಂದು ರಾತ್ರಿ ದಾಟಿಸು ಎಂದು ಬೇಡಿಕೊಂಡೆ. ನಾನು ಬೇಡುವವಳಲ್ಲ, ಆದರೂ ಬೇಡಿದೆ.

ಭಾನುವಾರ ಸಂಜೆ ಬೆಳಕು ಇನ್ನೂ ಇತ್ತು. ನಾಳೆ ಹಾಕಿಕೊಂಡು ಹೋಗುವ ಅಂಗಿಯನ್ನು ತಮ್ಮ ತೊಟ್ಟು ತೋರಿಸಿದ. ಅದೂ ಅಪ್ಪ ಹೊಲಿದದ್ದೇ. ತೋಳಿನ ಗುಂಡಿ ಸಡಿಲವಾಗಿತ್ತು. "ಕೊಡು ಇಲ್ಲಿ, ಮಾನ ಕಳೀಬೇಡ," ಎಂದು ಅಪ್ಪ ಸೂಜಿ ಕೇಳಿದ. ತಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಕೈ ಚಾಚಿದ, ಅಂಗಿ ಬಿಚ್ಚಲೂ ಇಲ್ಲ. ಅಪ್ಪನ ಬೆರಳುಗಳು ನಡುಗುತ್ತಿದ್ದವು, ಹೊಲಿಗೆ ಮಾತ್ರ ನೆಟ್ಟಗೆ ಬೀಳುತ್ತಿತ್ತು. ದಾರವನ್ನು ಹಲ್ಲಿನಿಂದ ಕಡಿಯಲು ಬಗ್ಗಿದವನು ಹಾಗೇ ತಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ.

"ಅಪ್ಪಾ," ಎಂದು ತಮ್ಮ ಕೂಗಿದ. "ಅಪ್ಪಾ, ನನ್ನ ನೋಡು. ಅಕ್ಕಾ, ಡಾಕ್ಟರಿಗೆ ಫೋನ್ ಮಾಡು."

ನಾನು ಹೊರಕೋಣೆಗೆ ಓಡಿ ಫೋನ್ ಹಚ್ಚಿದೆ. ಒಳಗಿಂದ ತಮ್ಮ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸುತ್ತಿತ್ತು. ಡಾಕ್ಟರು ಬರುತ್ತೇನೆ ಎನ್ನುತ್ತಿದ್ದಾಗ ಆ ಅಳು ತಟ್ಟನೆ ನಿಂತಿತು.

ಫೋನ್ ಕೆಳಗಿಟ್ಟು ಒಳಗೆ ಹೋದೆ. ಅಪ್ಪನ ತಲೆ ದಿಂಬಿನ ಮೇಲೆ ವಾಲಿತ್ತು. ತಮ್ಮನ ತೋಳಿನಿಂದ ಸೂಜಿ ದಾರದಲ್ಲಿ ಜೋತಾಡುತ್ತಿತ್ತು. ಅವನ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಅಪರಿಚಿತರ ಮನೆಯಲ್ಲಿ ಕೂತವನಂತೆ ಮೈ ಹಿಡಿ ಮಾಡಿಕೊಂಡು ಕೂತಿದ್ದ.

"ಅಕ್ಕಾ," ಎಂದ ತಗ್ಗಿದ ದನಿಯಲ್ಲಿ, "ಯಾರಿವರು? ಪಾಪ, ಹೋಗ್ಬಿಟ್ಟಿದಾರೆ ಅನ್ಸುತ್ತೆ. ನನ್ನ ಕೈ ಮಾತ್ರ ಬಿಡ್ತಾ ಇಲ್ಲ ನೋಡು."

ಹಾಗೆಂದು ಅವನು ಅಪ್ಪನ ಬೆರಳುಗಳನ್ನು, ನೋವಾದೀತೋ ಎಂಬಂತೆ, ಒಂದೊಂದಾಗಿ ಬಿಡಿಸತೊಡಗಿದ.